ಖಾಲಿ ಬಂದ ಫಾರ್ಮು: ಪೆನ್ನು ಎಲ್ಲಿ ನಿಂತಿತು ಅಂತ ಹುಡುಕುವ ಬಗೆ

ಶಿರಸಿಯಲ್ಲಿ ನನ್ನದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಅರ್ಜಿ, ಹ್ಯಾಂಡ್‌ಬಿಲ್, ಸಂಘದ ವಾರ್ಷಿಕ ವರದಿ, ಮದುವೆ ಕರೆಯೋಲೆ ಎಲ್ಲವನ್ನೂ ಟೈಪ್ ಮಾಡಿಕೊಡುತ್ತೇನೆ. ಒಂದು ಮಳೆಗಾಲದಲ್ಲಿ ಒಂದು ಸಹಕಾರ ಸಂಘದ ಕಾರ್ಯದರ್ಶಿ ದೊಡ್ಡದೊಂದು ಕಂತೆ ಕಾಗದ ತಂದು ಮೇಜಿನ ಮೇಲಿಟ್ಟರು. ಸದಸ್ಯರಿಗೆ ಏನು ಬೇಕು, ಏನು ಬೇಡ ಅಂತ ತಿಳಿಯಲು ನಾಲ್ಕು ಪುಟದ ಪ್ರಶ್ನಾವಳಿ ಹಂಚಿದ್ದರಂತೆ. ವಾಪಸ್ ಬಂದದ್ದೇ ಸ್ವಲ್ಪ. ಬಂದದ್ದರಲ್ಲೂ ಅರ್ಧಕ್ಕರ್ಧ ಖಾಲಿ.

"ನಮ್ಮ ಜನ ಓದೂದೇ ಇಲ್ಲ ಅಕ್ಕಾ. ಇದನ್ನೇ ಇನ್ನಷ್ಟು ಕಾಪಿ ಹೊಡೆದುಕೊಡಿ, ಇನ್ನೊಂದು ಸಲ ಹಂಚ್ತೇವೆ" ಅಂದರು.

ನಾನು ಕಾಪಿ ಹೊಡೆಯಲಿಲ್ಲ. ಕಂತೆ ಇಲ್ಲೇ ಇಟ್ಟು ಹೋಗಿ, ನಾಲ್ಕು ದಿನ ಬಿಟ್ಟು ಬನ್ನಿ ಅಂದೆ.

ಜನ ಓದುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪಹಣಿಯ ಸಣ್ಣ ಅಕ್ಷರವನ್ನು ಬೆಳಕಿಗೆ ಹಿಡಿದು ಓದುವ ಜನ ಇವರು. ಅಡಿಕೆ ಮಾರಿದ ಪಟ್ಟಿಯಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ಕೇಳುತ್ತಾರೆ. ಅಂಥವರು ಒಂದು ಪ್ರಶ್ನೆಯ ಮುಂದೆ ಪೆನ್ನು ಕೆಳಗಿಟ್ಟರೆ, ತೊಂದರೆ ಆ ಪ್ರಶ್ನೆಯಲ್ಲೇ ಇದೆ. ಪಂಪು ನೀರು ಎತ್ತದಿದ್ದರೆ ನಾವು ಬಾವಿಗೆ ಬೈಯುವುದಿಲ್ಲ, ಫುಟ್‌ವಾಲ್ವ್ ನೋಡುತ್ತೇವೆ. ಫಾರ್ಮಿಗೂ ಹಾಗೇ ಮಾಡಬೇಕು. ಎಲ್ಲಿ ನಿಂತಿತು, ಯಾಕೆ ನಿಂತಿತು, ಏನು ಬದಲಿಸಿದರೆ ಮುಂದೆ ಹೋಗುತ್ತದೆ? ಇದನ್ನು ನಾನು ಹೇಗೆ ಹುಡುಕುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಸಂಘದಲ್ಲೋ ಶಾಲೆಯಲ್ಲೋ ಫಾರ್ಮು ಮಾಡುವ ಕೆಲಸ ನಿಮ್ಮ ತಲೆಗೆ ಬಂದಿದ್ದರೆ ಉಪಯೋಗಕ್ಕೆ ಬಂದೀತು.

ಮೊದಲು ಕಂತೆ ಓದಿ

ಹೊಸ ಪ್ರಶ್ನೆ ಬರೆಯಲು ಕೂರಬೇಡಿ. ವಾಪಸ್ ಬಂದ ಫಾರ್ಮುಗಳಿಂದ ಇಪ್ಪತ್ತನ್ನು ತೆಗೆಯಿರಿ. ಚೆನ್ನಾಗಿ ತುಂಬಿದ್ದನ್ನು ಆರಿಸಬೇಡಿ, ಕೈಗೆ ಸಿಕ್ಕಿದ್ದನ್ನು ತೆಗೆಯಿರಿ. ಪಕ್ಕದಲ್ಲಿ ಒಂದು ಖಾಲಿ ಪ್ರತಿ ಇಟ್ಟುಕೊಳ್ಳಿ. ಪ್ರತಿ ಫಾರ್ಮಿನಲ್ಲೂ ಕೊನೆಯ ಉತ್ತರ ಎಲ್ಲಿದೆ ಅಂತ ನೋಡಿ, ಖಾಲಿ ಪ್ರತಿಯ ಅದೇ ಜಾಗದಲ್ಲಿ ಒಂದು ಕೆಂಪು ಗೆರೆ ಎಳೆಯಿರಿ. ನಡುವೆ ಹಾರಿಸಿಹೋದ ಪ್ರಶ್ನೆಗೆ ನೀಲಿ ಚುಕ್ಕೆ ಇಡಿ. ಹೊಡೆದು ಹಾಕಿ ಮತ್ತೆ ಬರೆದದ್ದಕ್ಕೆ ಹಸಿರು. ಇಪ್ಪತ್ತು ಮುಗಿಯುವಷ್ಟರಲ್ಲಿ ಬಣ್ಣಗಳು ಒಂದೆರಡು ಕಡೆ ಗುಂಪುಗೂಡಿರುತ್ತವೆ. ದೋಷ ಅಲ್ಲೇ ಇದೆ.

ಇನ್ನೂ ಎರಡು ಗುರುತು ನೋಡಿ. ಒಂದು, ಅಂಚಿನಲ್ಲಿ ಬರೆದ ಮಾತು. "ಹಸಿದೋ ಒಣಗಿದ್ದೋ?", "ಮಗನ ಹೆಸರಲ್ಲಿ ಇದೆ", "ಗೊತ್ತಿಲ್ಲ" ಅಂತೆಲ್ಲ ಇರುತ್ತದೆ. ನೀವು ಕೊಡಬೇಕಾಗಿದ್ದ ಜಾಗವನ್ನು ಕೊಡದೇ ಹೋದದ್ದಕ್ಕೆ ಅವರೇ ಮಾಡಿಕೊಂಡ ಜಾಗ ಅದು. ಇನ್ನೊಂದು, ಅರ್ಧದಿಂದ ಬೇರೆ ಕೈಬರಹ ಅಥವಾ ಬೇರೆ ಶಾಯಿ. ಅಲ್ಲಿಗೆ ಮನೆಯ ಹಿರಿಯರಿಗೆ ಸಾಕಾಗಿ, ಮೊಮ್ಮಗಳ ಕೈಗೆ ಕೊಟ್ಟಿದ್ದಾರೆ ಅಂತ ಅರ್ಥ.

ವಾಪಸ್ಸೇ ಬಾರದ ಫಾರ್ಮಿನ ಕತೆ ಬೇರೆ. ಅದಕ್ಕೆ ಮೂರು ನಾಲ್ಕು ಮನೆಗೆ ಹೋಗಿಯೇ ನೋಡಬೇಕು. "ಯಾಕೆ ತುಂಬಲಿಲ್ಲ?" ಅಂತ ಕೇಳಬೇಡಿ. ಹಾಗೆ ಕೇಳಿದರೆ ತಪ್ಪು ಮಾಡಿದವರ ಹಾಗೆ ಮುಖ ಚಿಕ್ಕದು ಮಾಡಿಕೊಂಡು "ಪುರಸೊತ್ತು ಆಗಲಿಲ್ಲ" ಅನ್ನುತ್ತಾರೆ. "ಫಾರ್ಮು ಎಲ್ಲಿದೆ, ತೋರಿಸ್ತೀರಾ?" ಅಂತ ಕೇಳಿ. ನಾನು ಹೋದ ಮನೆಗಳಲ್ಲಿ ಅದು ಗೋಡೆಯ ಕ್ಯಾಲೆಂಡರ್ ಹಿಂದೆ ನಾಲ್ಕು ಮಡಿಕೆಯಾಗಿ ಸಿಕ್ಕಿಸಿಕೊಂಡಿತ್ತು. ಬೇಡ ಅಂದವರು ಕ್ಯಾಲೆಂಡರ್ ಹಿಂದೆ ಇಡುವುದಿಲ್ಲ, ಒಲೆ ಹೊತ್ತಿಸಲು ಕೊಡುತ್ತಾರೆ. ಅಂದರೆ ತುಂಬುವ ಮನಸ್ಸಿತ್ತು. ಆದರೆ ಯಾವ ದಿನದೊಳಗೆ, ಯಾರ ಕೈಗೆ, ಎಲ್ಲಿ ಕೊಡಬೇಕು ಅನ್ನುವುದು ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಮತ್ತೆ, ಅದನ್ನು ಹಂಚಿದ್ದು ಜುಲೈಯಲ್ಲಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಲು ಎಲ್ಲರೂ ಬಿಸಿಲಿನ ಒಂದು ಹೊಳವು ಕಾಯುತ್ತ ಕೂತಿರುವ ಹೊತ್ತು. ಆಗ ನಾಲ್ಕು ಪುಟ ಕೊಟ್ಟರೆ ಅದು ಕ್ಯಾಲೆಂಡರ್ ಹಿಂದೆಯೇ ಹೋಗುತ್ತದೆ.

ಮೊದಲ ಪುಟದಲ್ಲೇ ಕೆಂಪು ಗೆರೆ

ನಮ್ಮ ಇಪ್ಪತ್ತರಲ್ಲಿ ಜಾಸ್ತಿ ಕೆಂಪು ಬಿದ್ದದ್ದು ಮೊದಲ ಪುಟದಲ್ಲಿ. ಪುಟದ ಮೇಲ್ಭಾಗ ಹೀಗಿತ್ತು: "ಸದರಿ ನಮೂನೆಯಲ್ಲಿ ಕೋರಲಾದ ಮಾಹಿತಿಯನ್ನು ಸದಸ್ಯರು ಸವಿವರವಾಗಿ ಹಾಗೂ ತಪ್ಪದೇ ನಮೂದಿಸತಕ್ಕದ್ದು. ಅಪೂರ್ಣ ನಮೂನೆಗಳನ್ನು ಪರಿಗಣಿಸಲಾಗುವುದಿಲ್ಲ." ಅದರ ಕೆಳಗೆ ಏಳು ಸೂಚನೆ. ಓದಿದವರಿಗೆ ಇದು ನೋಟಿಸಿನ ಹಾಗೆ ಕಾಣುತ್ತದೆ. ತಪ್ಪು ತುಂಬಿದರೆ ಏನೋ ಆಗುತ್ತದೆ ಅನ್ನಿಸುತ್ತದೆ. ಅದಕ್ಕಿಂತ ತುಂಬದೇ ಇರುವುದೇ ಒಳ್ಳೆಯದು ಅಂತ ಬುದ್ಧಿ ಇರುವ ಯಾರಿಗೂ ತೋಚುತ್ತದೆ, ಅಲ್ವಾ?

ನಾವು ಅದನ್ನು ತೆಗೆದು ಹೀಗೆ ಹಾಕಿದೆವು: "ನಮಸ್ಕಾರ. ಮುಂದಿನ ವರ್ಷ ಸಂಘ ಯಾವ ಕೆಲಸ ಮೊದಲು ಮಾಡಬೇಕು ಅಂತ ನಿಮ್ಮಿಂದ ತಿಳಿಯಬೇಕಾಗಿದೆ. ತುಂಬಲು ಹತ್ತು ನಿಮಿಷ ಸಾಕು. ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ. ದೀಪಾವಳಿಯೊಳಗೆ ಹಾಲಿನ ಡೈರಿಯಲ್ಲಿ ಕೊಟ್ಟರೆ ಸಾಕು." ಐದು ಸಾಲು, ಸೂಚನೆ ಒಂದೂ ಇಲ್ಲ. ಸೂಚನೆ ಬೇಕಾದ ಜಾಗದಲ್ಲಿ, ಅಂದರೆ ಆ ಪ್ರಶ್ನೆಯ ಪಕ್ಕದಲ್ಲೇ ಇಟ್ಟೆವು. ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮೂರನೇ ಸೂಚನೆ ಯಾರಿಗೂ ನೆನಪಿರುವುದಿಲ್ಲ. ಹತ್ತು ನಿಮಿಷ ಅಂತ ಬರೆಯುವ ಮೊದಲು ಗಡಿಯಾರ ಇಟ್ಟು ನೋಡಿದೆ.

ಆಮೇಲೆ ಹೆಸರಿನ ಜಾಗ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಗೆ ಬರುವ ಎಷ್ಟೋ ಫಾರ್ಮು ಇಲ್ಲೇ ಎಡವುತ್ತವೆ. ಅದರಲ್ಲಿ "ಇನಿಷಿಯಲ್" ಅಂತ ಒಂದು ಪುಟ್ಟ ಬಾಕ್ಸು, "ಹೆಸರು" ಅಂತ ಒಂದು ಉದ್ದ ಬಾಕ್ಸು ಇತ್ತು. ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಕಡೆಯ ಪದ್ಧತಿಯಂತೆ ನಮ್ಮಲ್ಲಿ ಮೊದಲು ತನ್ನ ಹೆಸರು, ನಡುವೆ ಅಪ್ಪನ ಹೆಸರು ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಹೆಗಡೆ, ಭಟ್, ನಾಯ್ಕ, ಗೌಡ, ಹರಿಕಂತ್ರ, ಹೀಗೆ. ಹೆಸರಿನ ಮುಂದೆ ಎರಡು ಇನಿಷಿಯಲ್ ಹಾಕುವುದು ದಕ್ಷಿಣದ ಜಿಲ್ಲೆಗಳ ರೂಢಿ. ನಮ್ಮವರು ಆ ಪುಟ್ಟ ಬಾಕ್ಸಿನ ಮುಂದೆ ಪೆನ್ನು ಹಿಡಿದು ಯೋಚಿಸುತ್ತಾರೆ. ಕೆಲವರು ತಮ್ಮ ಹೆಸರಿನ ಮೊದಲ ಅಕ್ಷರ ಬರೆದಿದ್ದರು, ಕೆಲವರು ಅಪ್ಪನದ್ದು, ಒಬ್ಬರು ತಮ್ಮ ಸಹಿಯನ್ನೇ ಅದರೊಳಗೆ ತುರುಕಿದ್ದರು. ಒಂದು ಊರಿನಲ್ಲಿ ಎಲ್ಲರದ್ದೂ ಅಡ್ಡಹೆಸರು ಗೌಡ ಆಗಿರುವಾಗ, ಅಪ್ಪನ ಹೆಸರು ಪೂರ್ತಿ ಇಲ್ಲದಿದ್ದರೆ ಯಾರು ಯಾರು ಅಂತ ತಿಳಿಯುವುದೇ ಇಲ್ಲ. ಪರಿಹಾರ ಸುಲಭ: ಒಂದೇ ಉದ್ದನೆಯ ಗೆರೆ, ಅದರ ಮೇಲೆ "ನಿಮ್ಮ ಪೂರ್ತಿ ಹೆಸರು". ಮೂರು ಭಾಗ ಬೇರೆ ಬೇರೆಯಾಗಿ ಬೇಕೇ ಬೇಕು ಅಂದರೆ "ನಿಮ್ಮ ಹೆಸರು", "ಅಪ್ಪ ಅಥವಾ ಗಂಡನ ಹೆಸರು", "ಅಡ್ಡಹೆಸರು" ಅಂತ ಮೂರು ಗೆರೆ.

ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಇಡುವ ಅಭ್ಯಾಸ ಇಂಗ್ಲಿಷ್ ಫಾರ್ಮಿನದ್ದು. ಕನ್ನಡಕ್ಕೆ ಅದು ಹೊಂದುವುದಿಲ್ಲ. ಕೃಷ್ಣಮೂರ್ತಿ ಅನ್ನುವ ಹೆಸರು ಇಂಗ್ಲಿಷಿನಲ್ಲಿ 13 ಚೌಕ ತಿನ್ನುತ್ತದೆ. ಕನ್ನಡದಲ್ಲಿ ಕೃ, ಷ್ಣ, ಮೂ, ರ್ತಿ, ನಾಲ್ಕೇ. ಆದರೆ ಅಷ್ಟು ಸಣ್ಣ ಚೌಕದಲ್ಲಿ "ಷ್ಣ" ಬರೆದರೆ ಒತ್ತು ಕೆಳಗಿನ ಸಾಲಿನ ಚೌಕಕ್ಕೆ ಇಳಿಯುತ್ತದೆ. "ರ್ತಿ"ಯ ಅರ್ಕಾವತ್ತನ್ನು ಕೆಲವರು ಮುಂದಿನ ಚೌಕದಲ್ಲಿ ಹಾಕುತ್ತಾರೆ. ಹಾಗಾಗಿ ಕನ್ನಡದಲ್ಲಿ ಬರೆಸುವುದಾದರೆ ಗೆರೆ ಕೊಡಿ, ಚೌಕ ಬೇಡ. ಚೌಕ ಅಂಕಿಗೆ ಮಾತ್ರ. ಫೋನ್ ನಂಬರಿಗೆ ಹತ್ತು ಚೌಕ ಇದ್ದರೆ ಒಂದು ಅಂಕಿ ಬಿಟ್ಟುಹೋದದ್ದು ಬರೆಯುವವರಿಗೇ ಗೊತ್ತಾಗುತ್ತದೆ. ಪಿನ್‌ಕೋಡಿಗೆ ಇನ್ನೂ ಸುಲಭ. ಕಾರವಾರ 581301, ಶಿರಸಿ 581401. ಜಿಲ್ಲೆಯಲ್ಲೆಲ್ಲ ಶುರು 581ರಿಂದಲೇ. ಅದನ್ನು ಅಚ್ಚಿನಲ್ಲೇ ಹಾಕಿ ಮೂರು ಚೌಕ ಮಾತ್ರ ಖಾಲಿ ಬಿಡಿ. ತುಂಬುವವರ ಅರ್ಧ ಕೆಲಸ ನೀವೇ ಮಾಡಿಟ್ಟ ಹಾಗೆ.

ವಿಳಾಸದಲ್ಲಿ "ಮನೆ ಸಂಖ್ಯೆ, ಅಡ್ಡರಸ್ತೆ, ಬಡಾವಣೆ" ಅಂತ ಇತ್ತು. ತೋಟದ ಮೇಲೆ ಒಂಟಿ ಮನೆ ಇರುವವರು ಅಡ್ಡರಸ್ತೆ ಎಲ್ಲಿಂದ ತರಬೇಕು? ಊರು, ಅಂಚೆ, ತಾಲೂಕು. ಇಷ್ಟು ಸಾಕು.

ಒಂದೇ ಪ್ರಶ್ನೆ ಎಲ್ಲರದ್ದೂ ಖಾಲಿ

ನೀಲಿ ಚುಕ್ಕೆ ದಟ್ಟವಾಗಿ ಬಿದ್ದದ್ದು ಒಂಬತ್ತನೇ ಪ್ರಶ್ನೆಗೆ. "ವಾರ್ಷಿಕ ಅಡಿಕೆ ಉತ್ಪಾದನೆ (ಕೆ.ಜಿ.): ____". ನೋಡಲು ಎಷ್ಟು ಸರಳ! ತಮ್ಮ ತೋಟದ ಅಡಿಕೆ ಎಷ್ಟು ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಹೆಚ್ಚಿನವರು ಬಿಟ್ಟಿದ್ದರು.

ಒಬ್ಬ ಹಿರಿಯರು ಬೇರೆ ಯಾವುದಕ್ಕೋ ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದಿದ್ದರು. ಫಾರ್ಮು ಅವರ ಮುಂದಿಟ್ಟು, ಜೋರಾಗಿ ಓದಿಕೊಂಡು ತುಂಬಿ, ಮನಸ್ಸಿಗೆ ಬಂದದ್ದನ್ನು ಬಾಯಲ್ಲೇ ಹೇಳಿ ಅಂದೆ. ಒಂಬತ್ತಕ್ಕೆ ಬಂದರು. "ವಾರ್ಷಿಕ ಅಂದ್ರೆ ಜನವರಿಯಿಂದ್ಲೋ, ಏಪ್ರಿಲ್‌ನಿಂದ್ಲೋ? ನಮ್ಗೆ ಕೊನೆಕೊಯ್ಲು ನವೆಂಬರಿಗೆ ಸುರುವಾದ್ರೆ ಫೆಬ್ರವರಿಗೂ ಇರ್ತು. ಹಸಿದು ಬರೆಯವೋ, ಚಾಲಿ ಬರೆಯವೋ ತಂಗಿ? ಸ್ವಲ್ಪ ಕೆಂಪಡಕೆನೂ ಮಾಡ್ತ್ಯ. ಕೆಜಿ ಲೆಕ್ಕ ಯಾರಿಗೆ ಬತ್ತು, ಕ್ವಿಂಟಲ್ ಆದ್ರೆ ಹೇಳ್ಳಕ್ಕು." ಪೆನ್ನು ಗೆರೆಯ ಮೇಲೆ ನಿಂತೇ ಇತ್ತು. ಆಮೇಲೆ ಪಕ್ಕಕ್ಕೆ ಇಟ್ಟರು.

ಒಂದೇ ಗೆರೆಯಲ್ಲಿ ನಾಲ್ಕು ತೊಡಕು. ವರ್ಷ ಯಾವುದು, ಅಡಿಕೆ ಯಾವ ರೂಪದ್ದು, ಅಳತೆ ಯಾವುದು, ಬೆಳೆದದ್ದೋ ಮಾರಿದ್ದೋ. ಕೊನೆಕೊಯ್ಲು ಅಂದರೆ ಅಡಿಕೆ ಗೊನೆ ಇಳಿಸುವುದು. ಚಾಲಿ ಅಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸಿದ್ದು, ಕೆಂಪಡಕೆ ಅಂದರೆ ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದ್ದು. ಚಾಲಿ ಒಣಗಲು ಅಂಗಳದಲ್ಲಿ ಒಂದೂವರೆ ತಿಂಗಳ ಹತ್ತಿರ ಬೇಕು. ದರಕ್ಕೆ ಕಾದು ಕೂತರೆ ಕೊಯ್ದ ವರ್ಷ ಒಂದು, ಮಾರಿದ ವರ್ಷ ಇನ್ನೊಂದು. ಪ್ರಾಮಾಣಿಕವಾಗಿ ಉತ್ತರ ಕೊಡಬೇಕು ಅಂದುಕೊಂಡವರೇ ಇಲ್ಲಿ ಹೆಚ್ಚು ಒದ್ದಾಡಿದ್ದಾರೆ. ಸುಮ್ನೆ ಒಂದು ಅಂಕಿ ಬರೆದು ಮುಂದೆ ಹೋದವರ ಉತ್ತರವೇ ನಮ್ಮ ಕೈಗೆ ಸಿಕ್ಕಿದ್ದು.

ಹೊಸ ಪ್ರಶ್ನೆ ಹೀಗಾಯಿತು: "ಕಳೆದ ಕೊನೆಕೊಯ್ಲಿನ ಅಡಿಕೆಯಲ್ಲಿ ನಿಮಗೆ ಸಿಕ್ಕಿದ್ದೆಷ್ಟು? ಸುಮಾರಾಗಿ ಹೇಳಿದರೆ ಸಾಕು. ಚಾಲಿ ____ ಕ್ವಿಂಟಲ್. ಕೆಂಪಡಕೆ ____ ಕ್ವಿಂಟಲ್. ಹಸಿಯಾಗೇ ಕೊಟ್ಟದ್ದು ____ ಕ್ವಿಂಟಲ್." ಗೆರೆ ಒಂದಿದ್ದದ್ದು ಮೂರಾಯಿತು, ಆದರೂ ತುಂಬುವುದು ಹಗುರವಾಯಿತು. ಪ್ರಶ್ನೆ ಚಿಕ್ಕದಾಗಿದ್ದರೆ ಸುಲಭ ಅನ್ನುವುದು ತಪ್ಪು ತಿಳಿವಳಿಕೆ. ಓದುವವರ ತಲೆಯಲ್ಲಿ ಏಳುವ ಪ್ರಶ್ನೆಗೆ ಕಾಗದವೇ ಉತ್ತರ ಕೊಟ್ಟುಬಿಟ್ಟರೆ ಮಾತ್ರ ಸುಲಭ.

ನೆನಪಿನ ತೊಂದರೆಯೂ ಖಾಲಿ ಜಾಗವಾಗಿಯೇ ಕಾಣುತ್ತದೆ. "ಕಳೆದ 12 ತಿಂಗಳಲ್ಲಿ ಎಷ್ಟು ಸಲ ಆಸ್ಪತ್ರೆಗೆ ಹೋಗಿದ್ದೀರಿ?" ಅಂತ ಕೇಳಿದರೆ ಯಾರು ತಿಂಗಳು ಎಣಿಸುತ್ತಾರೆ? ಎಣಿಸಿದರೂ, ಹೋದ ವರ್ಷಕ್ಕಿಂತ ಹಿಂದಿನ ದೊಡ್ಡ ಕಾಯಿಲೆಯನ್ನು ಮೊನ್ನೆ ಮೊನ್ನೆ ಆದದ್ದು ಅಂತ ಒಳಗೆ ಸೇರಿಸಿಬಿಡುತ್ತಾರೆ. ಇದು ಎಲ್ಲ ಕಡೆಯೂ ಕಂಡಿರುವ ಮನುಷ್ಯರ ನೆನಪಿನ ಗುಣ. ಅದಕ್ಕೆ ಒಂದು ಗೂಟ ನೆಟ್ಟುಕೊಡಬೇಕು. "ಹೋದ ಚೌತಿಯಿಂದ ಈಚೆ" ಅನ್ನಿ. ಶಿರಸಿಯವರಿಗಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಇದೆ. "ಜಾತ್ರೆಗಿಂತ ಮೊದಲೋ, ಆಮೇಲೋ?" ಅಂದರೆ ತಕ್ಷಣ ಹೇಳುತ್ತಾರೆ.

ಕೆಳಗೆ ಕರಾವಳಿಯಲ್ಲಿ

ಕಾರವಾರದ ಕಡೆಯ ಒಂದು ಮಹಿಳಾ ಗುಂಪಿಗೆ ಮೀನು ಮಾರುವವರ ಬಗ್ಗೆ ಫಾರ್ಮು ಮಾಡುವಾಗ ಇದೇ ಪಾಠ ಇನ್ನೊಂದು ಬಗೆಯಲ್ಲಿ ಸಿಕ್ಕಿತು. ಅಲ್ಲಿ ಮೊದಲಿದ್ದ ಪ್ರಶ್ನೆ "ನಿಮ್ಮ ಮಾಸಿಕ ಆದಾಯ ಎಷ್ಟು?" ದಿನಾ ಬೆಳಿಗ್ಗೆ ಮೀನು ಕೊಂಡು, ದಿನಾ ಮಾರಿ, ಸಂಜೆ ಉಳಿದದ್ದು ಕೈಯಲ್ಲಿ ಹಿಡಿದು ಮನೆಗೆ ಹೋಗುವವರಿಗೆ ತಿಂಗಳ ಲೆಕ್ಕ ಇರುವುದಿಲ್ಲ. ಎಲ್ಲರೂ ಒಂದೇ ದುಂಡು ಮೊತ್ತ ಹೇಳಿದ್ದರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಎರಡು ತಿಂಗಳು ಮೀನು ಕಡಿಮೆ, ದರ ಜಾಸ್ತಿ, ಕೆಲವರು ಒಣಮೀನು ಮಾರುತ್ತಾರೆ. "ಮಾಸಿಕ" ಅನ್ನುವ ಒಂದು ಪದ ಇದನ್ನೆಲ್ಲ ಒರೆಸಿ ಹಾಕುತ್ತದೆ.

ನಾವು ನಿನ್ನೆಯ ದಿನವನ್ನು ಕೇಳಿದೆವು. "ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ರಾ? ಎಷ್ಟರ ಮೀನು ತಗೊಂಡ್ರಿ? ಐಸಿಗೆ, ಗಾಡಿಗೆ ಎಷ್ಟು ಹೋಯ್ತು? ಮನೆಗೆ ಎಷ್ಟು ತಂದ್ರಿ?" ಆಮೇಲೆ, "ಬಂದ್ ಇರುವಾಗ ಏನು ಮಾಡ್ತೀರಿ?" ಅಂತ ಬೇರೆಯಾಗಿ. ಉತ್ತರ ಬಾಯಿಂದ ಹರಿದು ಬಂತು.

ಇಲ್ಲಿ ಇನ್ನೊಂದು ವಿಷಯ ಇದೆ. ಆ ಫಾರ್ಮನ್ನು ತುಂಬುವವರು ಮೀನು ಮಾರುವವರಲ್ಲ, ಗುಂಪಿನ ಹುಡುಗಿಯರು ಕೇಳಿ ಬರೆದುಕೊಳ್ಳುತ್ತಿದ್ದರು. ತಾನೇ ತುಂಬುವ ಫಾರ್ಮು, ಇನ್ನೊಬ್ಬರು ಕೇಳಿ ತುಂಬುವ ಫಾರ್ಮು ಎರಡೂ ಬೇರೆ. 2011ರ ಜನಗಣತಿಯಲ್ಲಿ ಮನೆಪಟ್ಟಿಗೆ 35 ಪ್ರಶ್ನೆ, ಜನರ ಎಣಿಕೆಗೆ 29 ಪ್ರಶ್ನೆ ಇತ್ತು. ಅಷ್ಟು ದೊಡ್ಡದು ನಡೆದದ್ದು ಗಣತಿದಾರರು ಮನೆಗೆ ಬಂದು ಕೇಳಿದ್ದರಿಂದ. ಅದನ್ನು ನೋಡಿ ನೀವೂ 35 ಪ್ರಶ್ನೆಯ ಕಾಗದ ಅಂಚೆಯಲ್ಲಿ ಹಾಕಿದರೆ ಆಗುವುದಿಲ್ಲ. ಕೇಳಿ ತುಂಬುವ ಫಾರ್ಮಿನ ಪ್ರಶ್ನೆ ಬಾಯಲ್ಲಿ ಆಡಿದ ಹಾಗೆ ಇರಬೇಕು. ಅಲ್ಲಿನ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ. ಪ್ರತಿ ಹುಡುಗಿಯೂ ಸ್ಥಳದಲ್ಲೇ ತನಗೆ ತೋಚಿದ ಹಾಗೆ ಕೊಂಕಣಿ ಮಾಡಿ ಕೇಳಿದರೆ, ಹತ್ತು ಹುಡುಗಿಯರಿಂದ ಹತ್ತು ಬೇರೆ ಪ್ರಶ್ನೆಯಾಗುತ್ತದೆ. ಅದಕ್ಕೆ ಎಲ್ಲರೂ ಒಟ್ಟಿಗೆ ಕೂತು, ಕನ್ನಡ ಸಾಲಿನ ಕೆಳಗೇ ಕೊಂಕಣಿ ಸಾಲನ್ನೂ ಕನ್ನಡ ಅಕ್ಷರದಲ್ಲಿ ಬರೆದಿಟ್ಟೆವು.

ಉತ್ತರ ಇದೆ, ಆದರೆ ನಂಬುವ ಹಾಗಿಲ್ಲ

ಖಾಲಿ ಜಾಗ ಕಣ್ಣಿಗೆ ಕಾಣುತ್ತದೆ. ತಪ್ಪು ಉತ್ತರ ಕಾಣುವುದಿಲ್ಲ. ಹಾಗಾಗಿ ಇದು ಹೆಚ್ಚು ಅಪಾಯದ ದೋಷ.

ಜಮೀನಿನ ಪ್ರಶ್ನೆಯಲ್ಲಿ ಹಲವರು "1.20" ಅಂತ ಬರೆದಿದ್ದರು. ಪಹಣಿ ಓದುವವರಿಗೆ ಅದು 1 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ ಆದ್ದರಿಂದ ಅದು ಒಂದೂವರೆ ಎಕರೆ. ಆದರೆ ಕಂಪ್ಯೂಟರಿಗೆ ಹಾಕುವ ಹುಡುಗ ಎಕ್ಸೆಲ್‌ನಲ್ಲಿ 1.20 ಅಂತ ಹೊಡೆದರೆ ಅದು 1 ಎಕರೆ 8 ಗುಂಟೆ ಆಗುತ್ತದೆ. ಒಬ್ಬೊಬ್ಬರಿಂದ 12 ಗುಂಟೆ ಮಾಯ! ಎರಡೂ ಕಡೆಯವರು ಸರಿಯಾಗೇ ಮಾಡಿದ್ದಾರೆ, ನಡುವಿನ ಗೆರೆ ಮಾತ್ರ ತಪ್ಪು. "____ ಎಕರೆ ____ ಗುಂಟೆ" ಅಂತ ಎರಡು ಜಾಗ ಮಾಡಿದರೆ ಮುಗಿಯಿತು. ಮತ್ತೆ "ಜಮೀನು" ಅಂದರೆ ಯಾವುದು ಅಂತಲೂ ಹೇಳಿ. ತೋಟ, ಗದ್ದೆ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಮೂರೂ ನಮ್ಮಲ್ಲಿ ಬೇರೆ ಬೇರೆ. ಬೆಟ್ಟ ಸೇರಿಸಬೇಕೋ ಬೇಡವೋ ಅಂತ ಹೇಳದಿದ್ದರೆ ಒಬ್ಬರು ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ.

ಟಿಕ್ ಹಾಕುವ ಅಂತರಗಳೂ ಹಾಗೇ. "0–5 ಎಕರೆ, 5–10 ಎಕರೆ, 10–20 ಎಕರೆ" ಅಂತ ಇತ್ತು. ಸರಿಯಾಗಿ 5 ಎಕರೆ ಇರುವವರು ಯಾವುದಕ್ಕೆ ಹಾಕಬೇಕು? ಅದಕ್ಕಿಂತ ದೊಡ್ಡ ತೊಂದರೆ ಅಂದರೆ, ಸಣ್ಣ ತೋಟಗಳೇ ಜಾಸ್ತಿ ಇರುವ ಈ ಕಡೆ ಬಹುಪಾಲು ಜನ ಮೊದಲ ಬಾಕ್ಸಿಗೇ ಬೀಳುತ್ತಾರೆ. ಆ ಪ್ರಶ್ನೆ ಕೇಳಿದ್ದೂ ಒಂದೇ, ಬಿಟ್ಟದ್ದೂ ಒಂದೇ. "20 ಗುಂಟೆ ತನಕ, 21 ಗುಂಟೆಯಿಂದ 1 ಎಕರೆ ತನಕ, 1 ಎಕರೆಗಿಂತ ಜಾಸ್ತಿ 2 ಎಕರೆ ತನಕ, 2 ಎಕರೆಗಿಂತ ಜಾಸ್ತಿ" ಅಂತ ಊರಿಗೆ ತಕ್ಕ ಹಾಗೆ ಕತ್ತರಿಸಬೇಕು.

ಹೌದು–ಇಲ್ಲ ಪ್ರಶ್ನೆಯಲ್ಲಿ ಕನ್ನಡದ್ದೇ ಒಂದು ಬಲೆ ಇದೆ. "ಸಂಘದಿಂದ ಗೊಬ್ಬರ ಸಮಯಕ್ಕೆ ಸಿಗುತ್ತಿಲ್ಲವೇ?" ಅಂತ ಕೇಳಿದ್ದರು. ಒಬ್ಬರು "ಹೌದು" ಅಂದರು: ಹೌದು, ಸಿಗುತ್ತಿಲ್ಲ. ಇನ್ನೊಬ್ಬರು "ಇಲ್ಲ" ಅಂದರು: ಇಲ್ಲ, ಸಿಗುತ್ತಿಲ್ಲ. ಇಬ್ಬರ ದೂರೂ ಒಂದೇ, ಟಿಕ್ ಮಾತ್ರ ಎದುರು ಬದುರು. "ಇಲ್ಲ" ಹೊತ್ತ ಪ್ರಶ್ನೆಗೆ ಹೌದು–ಇಲ್ಲ ಉತ್ತರ ಕೊಡಲೇಬೇಡಿ. "ಗೊಬ್ಬರ ಸಮಯಕ್ಕೆ ಸಿಗುತ್ತದಾ?" ಅಂತ ಕೇಳಿ, "ಸಿಗುತ್ತದೆ / ಸಿಗುವುದಿಲ್ಲ / ಕೆಲವು ಸಲ ಮಾತ್ರ" ಅಂತ ಉತ್ತರದಲ್ಲೇ ಕ್ರಿಯಾಪದ ಇಡಿ. ಇನ್ನು "ಗೊಬ್ಬರದ ಗುಣಮಟ್ಟ ಮತ್ತು ದರ ತೃಪ್ತಿಕರವಾಗಿದೆಯೇ?" ಅನ್ನುವುದು ಎರಡು ಪ್ರಶ್ನೆ. ಗೊಬ್ಬರ ಚೆನ್ನಾಗಿದೆ, ದರ ಜಾಸ್ತಿ ಅನ್ನುವವರಿಗೆ ಅಲ್ಲಿ ಜಾಗವೇ ಇಲ್ಲ. ಪ್ರಶ್ನೆಯಲ್ಲಿ "ಮತ್ತು", "ಹಾಗೂ" ಕಂಡರೆ ಕೆಂಪು ಪೆನ್ನು ಎತ್ತಿಕೊಳ್ಳಿ.

ಮೂರನೇ ಪುಟದಲ್ಲಿ ಹದಿನಾಲ್ಕು ಸಾಲಿನ ಕೋಷ್ಟಕ ಇತ್ತು. ಪ್ರತಿ ಸಾಲಿಗೂ "ಸಂಪೂರ್ಣ ಸಮ್ಮತಿ, ಸಮ್ಮತಿ, ತಟಸ್ಥ, ಅಸಮ್ಮತಿ, ಸಂಪೂರ್ಣ ಅಸಮ್ಮತಿ". ಈ ಐದು ಮೆಟ್ಟಿಲಿನ ಅಳತೆಯನ್ನು ಬಳಕೆಗೆ ತಂದದ್ದು ಅಮೆರಿಕದ ರೆನ್ಸಿಸ್ ಲೈಕರ್ಟ್, 1932ರಲ್ಲಿ. ಒಳ್ಳೆಯ ಸಾಧನ, ಆದರೆ ಈ ಕನ್ನಡದಲ್ಲಿ ಯಾರು ಯೋಚಿಸುತ್ತಾರೆ? ತುಂಬಿದವರೆಲ್ಲ ನಡುವಿನ "ತಟಸ್ಥ"ದಲ್ಲಿ ಮೇಲಿಂದ ಕೆಳಗೆ ಟಿಕ್ ಸಾಲು ಇಳಿಸಿದ್ದರು. ಮೇಲಿಂದ ಕೆಳಗೆ ನೇರ ಸಾಲು ಕಂಡರೆ ಓದುವುದನ್ನು ನಿಲ್ಲಿಸಿದ್ದಾರೆ ಅಂತಲೇ ತಿಳಿಯಿರಿ. ಹದಿನಾಲ್ಕನ್ನು ಐದಕ್ಕೆ ಇಳಿಸಿದೆವು. ಉತ್ತರ "ಚೆನ್ನಾಗಿದೆ, ಪರವಾಗಿಲ್ಲ, ಸರಿಯಿಲ್ಲ, ಗೊತ್ತಿಲ್ಲ".

ಅಕ್ಷರವೇ ಕೈಕೊಟ್ಟಾಗ

ಇದು ನನ್ನ ದಿನನಿತ್ಯದ ಕೆಲಸ. ಪ್ರಶ್ನೆ ಎಷ್ಟು ಚೆನ್ನಾಗಿದ್ದರೂ ಅಚ್ಚಿನಲ್ಲಿ ಕೆಟ್ಟರೆ ಅಷ್ಟೇ.

ಫೈಲು ತೆರೆದ ಕೂಡಲೇ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ, ಅದನ್ನು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಅವು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಕಾಣುವುದಿಲ್ಲ. ಕನ್ವರ್ಟರ್‌ನಿಂದ ಯೂನಿಕೋಡಿಗೆ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ ಎಲ್ಲ ಸರಿ ಇದೆಯೇ ಅಂತ ಒಂದು ಸಲ ಪೂರ್ತಿ ಓದಿ. ಬೇರೆ ಕಡೆ ಪ್ರಿಂಟ್ ತೆಗೆಸುವುದಾದರೆ ಪಿಡಿಎಫ್ ಮಾಡಿಯೇ ಕೊಡಿ.

ಒತ್ತು ಕತ್ತರಿಸಿ ಹೋಗುವುದು ಇನ್ನೊಂದು. ಎಕ್ಸೆಲ್‌ನಲ್ಲಿ ಸಾಲಿನ ಎತ್ತರ ಇಂಗ್ಲಿಷಿಗೆ ಹೊಂದಿಸಿದ್ದು ಇರುತ್ತದೆ. ವರ್ಡ್‌ನಲ್ಲಿ ಸಾಲಿನ ಅಂತರ "ಎಕ್ಸಾಕ್ಟ್ಲಿ" ಅಂತ ಬಿಗಿ ಮಾಡಿರುತ್ತಾರೆ. ಕನ್ನಡದ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಅದೇ ಕತ್ತರಿಸುತ್ತದೆ. ಆ ಸಂಘದ ಫಾರ್ಮಿನಲ್ಲಿ "ಗದ್ದೆ ಎಷ್ಟು" ಅನ್ನುವುದು "ಗದೆ ಎಷು" ಅಂತ ಅಚ್ಚಾಗಿತ್ತು. ವಯಸ್ಸಾದವರು ಕನ್ನಡಕ ತಮ್ಮದೇ ಸರಿಯಿಲ್ಲ ಅಂದುಕೊಂಡರು. ವರ್ಡ್‌ನಲ್ಲಿ ಅಂತರವನ್ನು ಒಂದೂಕಾಲು ಅಥವಾ ಒಂದೂವರೆ ಪಟ್ಟು ಮಾಡಿ. ಅಕ್ಷರದ ಗಾತ್ರ ಇಂಗ್ಲಿಷಿನ 12 ಪಾಯಿಂಟ್ ಲೆಕ್ಕ ಹಿಡಿಯಬೇಡಿ. ಟುಂಗಾದಂಥ ಫಾಂಟಿನ 12 ತುಂಬಾ ಚಿಕ್ಕದಾಗಿ ಕಾಣುತ್ತದೆ. ನಾನು ಹಿರಿಯರು ಓದುವ ಫಾರ್ಮಿಗೆ 14ಕ್ಕಿಂತ ಕಡಿಮೆ ಇಡುವುದಿಲ್ಲ. ನಾಲ್ಕು ಪುಟದಲ್ಲಿ ಹಿಡಿಸಬೇಕು ಅಂತ ಅಕ್ಷರ ಕುಗ್ಗಿಸುವ ಬದಲು ಪ್ರಶ್ನೆ ಕಡಿಮೆ ಮಾಡಿ.

ತಲೆಬರಹದ ಹಿಂದೆ ಬೂದು ಬಣ್ಣ ಹಾಕಬೇಡಿ. ಜೆರಾಕ್ಸಿನ ಜೆರಾಕ್ಸಿನಲ್ಲಿ ಅದು ಕಪ್ಪು ಚುಕ್ಕೆಯಾಗಿ ಅಕ್ಷರವನ್ನು ನುಂಗುತ್ತದೆ. ನಮ್ಮ ಮಳೆಗಾಲದಲ್ಲಿ 70 ಜಿಎಸ್‌ಎಂನ ತೆಳು ಕಾಗದ ತೇವ ಎಳೆದು ಮೆತ್ತಗಾಗುತ್ತದೆ, ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಹಾಯುತ್ತದೆ. ಎರಡೂ ಬದಿ ಅಚ್ಚು ಇದ್ದರೆ ಸ್ವಲ್ಪ ದಪ್ಪ ಕಾಗದ ತೆಗೆದುಕೊಳ್ಳಿ.

ಫೋನಿನಲ್ಲಿ ಗೂಗಲ್ ಫಾರ್ಮ್ ಕಳಿಸುವವರಿಗೆ ಎರಡೇ ಮಾತು. ಒಬ್ಬರಿಗೆ ಒಂದೇ ಸಲ ಅಂತ ನಿರ್ಬಂಧ ಹಾಕಿದರೆ ಅಥವಾ ಫೈಲು ಅಪ್‌ಲೋಡ್ ಕೇಳಿದರೆ ಲಾಗಿನ್ ಕೇಳುತ್ತದೆ, ಪಾಸ್‌ವರ್ಡ್ ನೆನಪಿಲ್ಲದವರು ಅಲ್ಲೇ ಬಿಡುತ್ತಾರೆ. ಕೋಷ್ಟಕದ ಪ್ರಶ್ನೆ ಸಣ್ಣ ಪರದೆಯಲ್ಲಿ ಪಕ್ಕಕ್ಕೆ ಸರಿಸಬೇಕಾಗುತ್ತದೆ, ಕೊನೆಯ ಉತ್ತರಗಳು ಇವೆ ಅಂತಲೇ ಗೊತ್ತಾಗುವುದಿಲ್ಲ.

ಐವತ್ತು ಮಾತ್ರ ಅಚ್ಚು ಹಾಕಿ

ಹೊಸ ಫಾರ್ಮು ಒಂದು ಹಾಳೆಯ ಎರಡು ಬದಿಗೆ ಬಂತು. ಕಾರ್ಯದರ್ಶಿಗೆ ಎಲ್ಲ ಸದಸ್ಯರಿಗೂ ಒಟ್ಟಿಗೇ ಹಂಚುವ ಆಸೆ. ನಾನು ಐವತ್ತೇ ತೆಗೆದುಕೊಟ್ಟೆ. ವಾಪಸ್ ಬಂದದ್ದನ್ನು ಮತ್ತೆ ಬಣ್ಣದ ಪೆನ್ನು ಹಿಡಿದು ನೋಡಿದೆವು. ಮೊದಲ ಪುಟದ ಕೆಂಪು ಗೆರೆ ಹೋಗಿತ್ತು. ಅಡಿಕೆಯ ಪ್ರಶ್ನೆ ತುಂಬಿತ್ತು. ಆದರೆ ಕೊನೆಯ ಪ್ರಶ್ನೆ, "ಸಂಘದ ಕೆಲಸದಲ್ಲಿ ಏನು ಸರಿಯಾಗಬೇಕು?" ಅನ್ನುವುದರ ಮೇಲೆ ನೀಲಿ ಚುಕ್ಕೆಗಳು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಪ್ರಶ್ನೆ ಅದು.

ಪದ ಬದಲಿಸಿ ನೋಡೋಣ ಅಂದುಕೊಂಡೆ. ಅಷ್ಟರಲ್ಲಿ ಅದೇ ಹಿರಿಯರು ಸಿಕ್ಕಿದರು, ಕೇಳಿದೆ. "ಮೇಲೆ ಹೆಸರು ಬರೆದು, ಕೆಳಗೆ ಅದನ್ನ ಹ್ಯಾಂಗೆ ಬರೆಯದು ತಂಗಿ? ನಾಳೆ ಸಾಲ ಕೇಳಲೆ ಅಲ್ಲಿಗೇ ಹೋಗವು" ಅಂದರು.

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಅದೇ ಹಾಳೆಯ ಮೇಲಿದ್ದ ಹೆಸರಿನಲ್ಲಿ ಇತ್ತು. ಹಾಳೆಯನ್ನು ಎರಡು ಮಾಡಿದೆವು. ಹೆಸರು, ತೋಟ, ಅಡಿಕೆ ಒಂದು ಹಾಳೆ. ಅಭಿಪ್ರಾಯದ್ದು ಇನ್ನೊಂದು, ಅದರ ಮೇಲೆ "ಹೆಸರು ಬರೆಯಬೇಡಿ" ಅಂತ ದಪ್ಪ ಅಕ್ಷರ. ಎರಡನೆಯದನ್ನು ಹಾಕಲು ಬೀಗ ಇರುವ ಒಂದು ಪೆಟ್ಟಿಗೆ ಮಾಡಿಸಿ, ಗುಮಾಸ್ತರ ಮೇಜಿನ ಮೇಲೆ ಬೇಡ, ಡೈರಿಯ ಜಗುಲಿಯಲ್ಲಿ ಇಡಿ ಅಂದೆ. ಇಟ್ಟರು. ಆಮೇಲೆ ಉಳಿದದ್ದನ್ನು ಅಚ್ಚು ಹಾಕಿದೆ.